ಎರಡನೇ ಸಾಲಿಗೂ ಸಂಬಳ ಕೊಡಬೇಕಾದ ಕಾಲ

ಓಹಾಯೋದ ಕೊಲಂಬಸ್‌ನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: ‘ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ನಿಮ್ಮ ಲೇಖನ ಓದಿದೆ. ತಂಡ ಗೆಲ್ಲುವುದು ಬೆಂಚ್‌ನ, ಅಂದರೆ ಬದಲಿ ಆಟಗಾರರ, ಬಲದಿಂದ ಅಂತ ಬರೆದಿದ್ದೀರಿ. ಅದೆಲ್ಲ ಹಳೇ ಕಥೆ ಸ್ವಾಮಿ. ನಮ್ಮೂರ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಆಟಗಾರರ ಮೇಲೆ 2 ಕೋಟಿ ಡಾಲರ್ ಸುರಿದು 2024ರ ಪಟ್ಟ ಗೆದ್ದಿತು. ಮರುವರ್ಷ ಇಂಡಿಯಾನಾ ಹೊರಗಿನಿಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ತಂದು ಗೆದ್ದಿತು. ದುಡ್ಡಿದ್ದವರು ಸ್ಟಾರ್‌ಗಳನ್ನು ಕೊಳ್ಳುತ್ತಾರೆ, ಕಪ್ ಎತ್ತುತ್ತಾರೆ. ಇದರಲ್ಲಿ ಬೆಂಚ್ ಎಲ್ಲಿ ಬಂತು? ಅಷ್ಟು ದುಡ್ಡು ನಿಮ್ಮ ಕೈಗೆ ಕೊಟ್ಟರೆ ನೀವೇನು ಮಾಡುತ್ತಿದ್ದಿರಿ?’

ಸಂಪಾದಕರ ಉತ್ತರ:

ದುಡ್ಡಿನ ಮಾತಿಗೆ ನಿಮ್ಮೊಡನೆ ಜಗಳವಿಲ್ಲ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ವರ್ಚಸ್ಸಿನಿಂದ ಸಂಪಾದಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದ ಮೇಲೆ ವಿಶ್ವವಿದ್ಯಾಲಯವೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಎಲ್ಲ ಕ್ರೀಡೆಗಳೂ ಸೇರಿ ಮಿತಿ ಸುಮಾರು 2.05 ಕೋಟಿ ಡಾಲರ್. ಖಾಲಿ ಕೈಯಲ್ಲಿ ಈಗ ಯಾರೂ ಕಪ್ ಮುಟ್ಟಲಾರರು, ಒಪ್ಪಿದೆ. ನನ್ನ ತಕರಾರು ಆ ದುಡ್ಡು ಯಾರ ಜೇಬಿಗೆ ಹೋಗಬೇಕು ಅನ್ನುವಲ್ಲಿ.

ನಿಮ್ಮೂರ ತಂಡವನ್ನೇ ನೋಡೋಣ. ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್ ಕಾನ್ಸಾಸ್ ಸ್ಟೇಟ್‌ನಿಂದ, ಕ್ವಿನ್‌ಶಾನ್ ಜಡ್ಕಿನ್ಸ್ ಓಲ್ ಮಿಸ್‌ನಿಂದ, ಕೇಲಬ್ ಡೌನ್ಸ್ ಅಲಬಾಮಾದಿಂದ, ಹೀಗೆ ಬೇರೆ ಕಾಲೇಜುಗಳಿಂದ ಬಂದವರು. ನೀವು ಇಷ್ಟಕ್ಕೇ ನಿಲ್ಲಿಸಿದ್ದೀರಿ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗಬಹುದಾಗಿದ್ದ ಎಮೆಕಾ ಎಗ್‌ಬೂಕಾ, ಟ್ರೆವೇಯಾನ್ ಹೆಂಡರ್ಸನ್, ಜ್ಯಾಕ್ ಸಾಯರ್, ಡೊನೊವನ್ ಜ್ಯಾಕ್ಸನ್ ಇನ್ನೊಂದು ವರ್ಷ ಅಲ್ಲೇ ಉಳಿದರಲ್ಲ, ಆ 2 ಕೋಟಿಯಲ್ಲಿ ಅವರ ಪಾಲೂ ಇತ್ತು. ಅಂದರೆ ಮನೆಯವರನ್ನು ಉಳಿಸಿಕೊಳ್ಳಲೂ ಖರ್ಚಾಗಿದೆ.

ಇನ್ನು ಆ ಸೀಸನ್‌ನಲ್ಲಿ ಆದದ್ದೇನು? ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರ ಸಾಲೇ ಲೈನ್: ನಡುವೆ ಸೆಂಟರ್, ಅವನ ಅಕ್ಕಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಲೆಫ್ಟ್ ಟ್ಯಾಕಲ್ ಜಾಶ್ ಸಿಮನ್ಸ್, ಹೊರಗಿನಿಂದ ತಂದವನು, ಅಕ್ಟೋಬರ್‌ನಲ್ಲಿ ಆರೆಗನ್ ಎದುರು ಮಂಡಿ ಪೆಟ್ಟಾಗಿ ಸೀಸನ್‌ನಿಂದಲೇ ಹೊರಗಾದ. ಸೆಂಟರ್ ಸೆತ್ ಮೆಕ್‌ಲಾಫ್ಲಿನ್, ಅವನೂ ಅಲಬಾಮಾದಿಂದ ಬಂದವನು, ನವೆಂಬರ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. ಗಾರ್ಡ್ ಆಗಿದ್ದ ಜ್ಯಾಕ್ಸನ್ ಜಾಗ ಬದಲಿಸಿ ಟ್ಯಾಕಲ್‌ಗೆ ಹೋದ. ಹಿಂದಿನ ವರ್ಷ ಸೆಂಟರ್ ಆಗಿ ಆಡಿ ಜಾಗ ಕಳೆದುಕೊಂಡಿದ್ದ ಕಾರ್ಸನ್ ಹಿಂಜ್‌ಮನ್ ಮತ್ತೆ ಚೆಂಡಿನ ಮುಂದೆ ಬಂದು ಕೂತ. ಈ ಜೋಡಣೆ ತಕ್ಷಣ ಕೂಡಿ ಬರಲಿಲ್ಲ, ಮಿಷಿಗನ್ ಎದುರು 13-10ರಿಂದ ಸೋತ ಆ ಶನಿವಾರ ನಿಮಗೆ ಮರೆತಿರಲಾರದು. ಆದರೆ ಟೆನೆಸಿ, ಆರೆಗನ್, ಟೆಕ್ಸಾಸ್, ನೋಟ್ರ್ ಡೇಮ್ ತಂಡಗಳನ್ನು ಸಾಲಾಗಿ ಮಲಗಿಸಿದ್ದು ಇದೇ ತೇಪೆ ಹಾಕಿದ ಲೈನ್.

ಟೆಕ್ಸಾಸ್ ಪಂದ್ಯದ ಆ ಗಳಿಗೆಯನ್ನೂ ನೆನಪಿಸಿಕೊಳ್ಳಿ. 21-14ರಿಂದ ನಿಮ್ಮ ತಂಡ ಮುಂದೆ, ಟೆಕ್ಸಾಸ್‌ಗೆ ನಾಲ್ಕನೇ ಡೌನ್, ಅಂದರೆ ಕೊನೆಯ ಯತ್ನ, ಗೋಲಿಗೆ ಎಂಟು ಗಜ. ಸಾಯರ್ ಅಂಚಿನಿಂದ ನುಗ್ಗಿ ಕ್ವಿನ್ ಯೂವರ್ಸ್ ಕೈಯಿಂದ ಚೆಂಡು ಬೀಳಿಸಿ, ತಾನೇ ಎತ್ತಿಕೊಂಡು 83 ಗಜ ಓಡಿದ. ಯೂವರ್ಸ್ ಯಾರು? 2021ರಲ್ಲಿ ಓಹಾಯೋ ಸ್ಟೇಟ್‌ಗೇ ಸೇರಿ, ಅದೇ ಸಾಯರ್ ಜತೆ ಒಂದೇ ರೂಮಿನಲ್ಲಿದ್ದು, ಕೆಲವೇ ತಿಂಗಳಲ್ಲಿ ಗಂಟುಮೂಟೆ ಕಟ್ಟಿದ ಹುಡುಗ.

ಇಂಡಿಯಾನಾ ವಿಷಯಕ್ಕೆ ಬಂದರೆ, ಫರ್ನಾಂಡೊ ಮೆಂಡೋಸಾನನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ (ಕ್ಯಾಲ್) ತಂದದ್ದು ಹೌದು, ಅವನು ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದದ್ದೂ ಹೌದು. ಆದರೆ ಕೋಚ್ ಕರ್ಟ್ ಸಿಗ್ನೆಟ್ಟಿ ಜೇಮ್ಸ್ ಮ್ಯಾಡಿಸನ್ ಎಂಬ ಸಣ್ಣ ಕಡೆಯಿಂದ ಹಿಂದಿನ ವರ್ಷವೇ ಕರೆತಂದ ಹುಡುಗರನ್ನು ಯಾರು ಸ್ಟಾರ್ ಅನ್ನುತ್ತಿದ್ದರು? ಫೈನಲ್‌ನಲ್ಲಿ ಮಯಾಮಿಯ ಪಂಟ್‌ಗೆ (ಚೆಂಡನ್ನು ದೂರಕ್ಕೆ ಒದೆಯುವ ಹೊಡೆತಕ್ಕೆ) ಅಡ್ಡ ಬಂದು ಟಚ್‌ಡೌನ್‌ಗೆ ದಾರಿ ಮಾಡಿದ ಮಿಕೇಲ್ ಕಮಾರಾ ಅವರಲ್ಲೊಬ್ಬ. ಇದೂ ಖರೀದಿಯೇ ಅನ್ನುತ್ತೀರೋ? ಅನ್ನಿ. ಹೆಸರು ನೋಡಿ ಮಾಡಿದ ಖರೀದಿಯಂತೂ ಅಲ್ಲ.

ಸ್ಟಾರ್‌ಗಳನ್ನೇ ನೆಚ್ಚಿದವರ ಪಾಡು ಬೇಕಾದರೆ ಫ್ಲಾರಿಡಾ ಸ್ಟೇಟ್ ಕಡೆ ನೋಡಿ. 2023ರಲ್ಲಿ ಜೇರೆಡ್ ವರ್ಸ್, ಕಿಯಾನ್ ಕೋಲ್‌ಮನ್‌ರಂಥ ಹೊರಗಿನವರ ಬಲದಲ್ಲಿ 13ಕ್ಕೆ 13 ಗೆದ್ದರು. ನಡುವೆ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡ. ಅವನಿಲ್ಲದ ತಂಡ ಮೊದಲಿನ ತಂಡವಲ್ಲ ಎಂದು ಆಯ್ಕೆ ಸಮಿತಿ ಪ್ಲೇಆಫ್‌ನಿಂದಲೇ ಕೈಬಿಟ್ಟಿತು. ಅನ್ಯಾಯ ಅಂತ ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಅದರ ಬೆನ್ನಿಗೇ, ಮುಖ್ಯ ಆಟಗಾರರು ಬಹುಪಾಲು ಕಣಕ್ಕಿಳಿಯದ ಆರೆಂಜ್ ಬೌಲ್ ಎಂಬ ಸೀಸನ್ ಕೊನೆಯ ಪಂದ್ಯದಲ್ಲಿ ಜಾರ್ಜಿಯಾ ಎದುರು 63-3ರ ಸೋಲು! ಮರುವರ್ಷ ಮತ್ತೊಬ್ಬ ಹೆಸರುವಾಸಿ ಕ್ವಾರ್ಟರ್‌ಬ್ಯಾಕ್, ಡಿಜೆ ಉಯಾಂಗಲೇಲೇಯನ್ನು ತಂದರು. ಗೆದ್ದದ್ದು ಎರಡು, ಸೋತದ್ದು ಹತ್ತು. ಕೊಂಡವರು ಹೊರಟ ಮೇಲೆ ಅವರ ಹಿಂದೆ ಎರಡು ಮೂರು ವರ್ಷ ಪಳಗಿದವರು ಸಾಕಷ್ಟಿರಲಿಲ್ಲ.

ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರೂ ಇದ್ದ 2016ರಲ್ಲಿ ಚಿನ್ನಸ್ವಾಮಿಯಲ್ಲೇ ಎಂಟು ರನ್‌ಗಳಿಂದ ಫೈನಲ್ ಸೋತೆವು; ಕಪ್ ಬಂದ 2025ರ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಕೃಣಾಲ್ ಪಾಂಡ್ಯ. ಕ್ರಿಕೆಟ್‌ನಲ್ಲಾದರೂ ಹನ್ನೊಂದು ಜನ ಸಾಕು. ಇಲ್ಲಿ ದಾಳಿಗೆ ಹನ್ನೊಂದು, ರಕ್ಷಣೆಗೆ ಬೇರೆ ಹನ್ನೊಂದು. 12 ತಂಡಗಳ ಪ್ಲೇಆಫ್ ಬಂದ ಮೇಲೆ ಫೈನಲ್ ಮುಟ್ಟಲು 16 ಪಂದ್ಯ ಆಡಬೇಕಾಗಬಹುದು. ಚೆಂಡು ಆಟಕ್ಕೆ ಬಂದ ಪ್ರತಿ ಸಲವೂ ಮೈಗೆ ಮೈ ಬಡಿಯುವ ಆಟ.

ಹಾಗಂತ ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಬೆಂಚ್ ಕಟ್ಟುವುದು ಮೊದಲಿನಷ್ಟು ಸುಲಭವಾಗಿಲ್ಲ. 2014ರಲ್ಲಿ ನಿಮ್ಮ ತಂಡಕ್ಕೆ ಏನಾಯಿತು? ಆಗಸ್ಟ್‌ನಲ್ಲಿ ಬ್ರ್ಯಾಕ್ಸ್‌ಟನ್ ಮಿಲ್ಲರ್ ಭುಜ ಹೋಯಿತು, ಮಿಷಿಗನ್ ಪಂದ್ಯದಲ್ಲಿ ಜೆ.ಟಿ. ಬ್ಯಾರೆಟ್ ಕಾಲು ಹೋಯಿತು. ಮೂರನೇ ಕ್ವಾರ್ಟರ್‌ಬ್ಯಾಕ್ ಆದ ಕಾರ್ಡೇಲ್ ಜೋನ್ಸ್ ಬಂದು ವಿಸ್ಕಾನ್ಸಿನ್ ಮೇಲೆ 59-0, ಅಲಬಾಮಾ ಮೇಲೆ 42-35, ಆರೆಗನ್ ಮೇಲೆ 42-20ರ ಗೆಲುವು ತಂದ. ಆಗ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಹಾಗಾಗಿ ಹುಡುಗರು ತಮ್ಮ ಸರದಿ ಕಾಯುತ್ತಿದ್ದರು. 2021ರಲ್ಲಿ ಒಂದು ಸಲಕ್ಕೆ ಆ ನಿಯಮ ಸಡಿಲವಾಯಿತು, 2024ರಲ್ಲಿ ಪೂರ್ತಿ ಕಳಚಿಬಿತ್ತು. ಇವತ್ತಿನ ಜೋನ್ಸ್ ಮೂರನೇ ಸ್ಥಾನದಲ್ಲಿ ಡಿಸೆಂಬರ್‌ವರೆಗೆ ಕಾಯುತ್ತಾನೆಯೇ? ನನಗೆ ನಂಬಿಕೆಯಿಲ್ಲ. ಕಾಲೇಜು ಬದಲಿಸುವವರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಹಾಕಿ, ಎಲ್ಲೋ ಮೊದಲನೆಯವನಾಗಿ ಆಡುತ್ತಿರುತ್ತಾನೆ. ಮೊದಲು ಪುಕ್ಕಟೆ ಸಿಗುತ್ತಿದ್ದ ಈ ತಾಳ್ಮೆಯನ್ನು ಈಗ ದುಡ್ಡು ಕೊಟ್ಟು ಕೊಳ್ಳಬೇಕು. ಒಬ್ಬ ಸ್ಟಾರ್‌ಗೇ ಗಂಟು ಬಿಚ್ಚಿದರೆ ಇವರಿಗೆ ಕೊಡಲು ಉಳಿಯುವುದೇನು?

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕ್ವಾರ್ಟರ್‌ಬ್ಯಾಕ್‌ಗೆ ಜಿಪುಣತನ ಮಾಡುವುದಿಲ್ಲ, ಬೇಕಿದ್ದರೆ ಹೊರಗಿನಿಂದಲೇ ತರುತ್ತೇನೆ. ಅಲ್ಲಿ ನೀವು ಗೆದ್ದಿರಿ. ಆಮೇಲಿನ ದೊಡ್ಡ ಪಾಲು ದಾಳಿ, ರಕ್ಷಣೆ ಎರಡೂ ಕಡೆಯ ಲೈನ್‌ಗೆ: ಆಡುವ ನಾಲ್ಕೈದು ಜನರಿಗಷ್ಟೇ ಅಲ್ಲ, ಎಂಟು ಒಂಬತ್ತು ಜನರಿಗೆ. ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳಿಗೆ ಪೇಟೆಯ ಬೆಲೆ ಕೊಡುವುದಿಲ್ಲ, ಹೈಸ್ಕೂಲ್‌ನಿಂದ ತಂದು ಬೆಳೆಸುತ್ತೇನೆ. ಹೊಸ ಮಿತಿಯಲ್ಲಿ ತಂಡಕ್ಕೆ 105 ಜನ. ಅದರಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್‌ಗೆ, ಅವನು ಇಡೀ ಸೀಸನ್ ಟೋಪಿ ಹಾಕಿಕೊಂಡು ನಿಂತೇ ಕಳೆದರೂ ಸರಿ, ಕೈತುಂಬ ಕೊಡುತ್ತೇನೆ. ರಿಸೀವರ್ ವಿಷಯದಲ್ಲಿ ಕೊಲಂಬಸ್‌ನವರು ನನ್ನನ್ನು ಸುಮ್ಮನೆ ಬಿಡಲಾರಿರಿ, ಗೊತ್ತು. ಅದಕ್ಕೆ ಬೇರೆ ಪತ್ರ ಬರೆಯಿರಿ, ಅಚ್ಚು ಹಾಕುತ್ತೇವೆ.