ಪುಟ್ಟ ಮಕ್ಕಳಿಗೆ ಆಟಿಕೆ ಕೊಳ್ಳುವಾಗ ಅಪಾಯವನ್ನು ಗುರುತಿಸುವುದು ಹೇಗೆ?

ಮೂರು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾರೆ, ಹಾಗಾಗಿ ಮೊದಲು ಗಾತ್ರ ನೋಡಿ. ಪ್ರಯೋಗಾಲಯಗಳಲ್ಲಿ ಇದಕ್ಕೆಂದೇ 31.7 ಮಿ.ಮೀ. ಅಗಲದ ಪುಟ್ಟ ಸಿಲಿಂಡರ್ ಇರುತ್ತದೆ. ಅದರೊಳಗೆ ಪೂರ್ತಿ ಕೂರುವ ಬಿಡಿಭಾಗ ಉಸಿರುಗಟ್ಟಿಸಬಲ್ಲದು ಎಂದು ಲೆಕ್ಕ. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆ ಸಾಕು. ಅದು ತುಸು ಅಗಲವಿರುವುದು ಒಳ್ಳೆಯದೇ, ಪರೀಕ್ಷೆ ಇನ್ನಷ್ಟು ಬಿಗಿಯಾಗುತ್ತದೆ. ಗೊಂಬೆಯ ಕಣ್ಣು, ಕಾರಿನ ಚಕ್ರಗಳನ್ನು ಮಗುವಿಗೆ ಕೊಡುವ ಮೊದಲು ನೀವೇ ಜೋರಾಗಿ ಎಳೆದು ನೋಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಬಟನ್ ಬ್ಯಾಟರಿ, ಅಂದರೆ ನಾಣ್ಯದಂತೆ ದುಂಡಗಿರುವ ಪುಟ್ಟ ಬ್ಯಾಟರಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರವಾಗಿ ಸುಡಬಲ್ಲದು. ಬ್ಯಾಟರಿ ಸೋರಬೇಕೆಂದೇನಿಲ್ಲ, ಒದ್ದೆ ಅಂಗಾಂಶದ ಮೂಲಕ ಕರೆಂಟ್ ಹರಿದಾಗ ಅಲ್ಲೇ ಕ್ಷಾರ ಉಂಟಾಗುತ್ತದೆ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದೆ ಉಗುರಿನಿಂದಲೇ ತೆರೆಯುವಂತಿದ್ದರೆ ಆ ಆಟಿಕೆ ಬೇಡವೇ ಬೇಡ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಹೋಗಿ, ಎಕ್ಸ್‌ರೇ ಮಾಡಿಸಿ.

ಪುಟ್ಟ ಬಲವಾದ ಅಯಸ್ಕಾಂತದ ಗುಂಡುಗಳೂ ಅಷ್ಟೇ ಕೆಟ್ಟವು. ಎರಡು ನುಂಗಿದರೆ ಕರುಳಿನ ಗೋಡೆಗಳನ್ನು ನಡುವೆ ಸಿಕ್ಕಿಸಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕರುಳು ತೂತಾಗಬಹುದು.

ಉದ್ದನೆಯ ದಾರ, ಚೂಪು ಅಂಚು, ಸುಲಿಯುವ ಬಣ್ಣ ಇದ್ದರೂ ಬಿಟ್ಟುಬಿಡಿ. ಪೊಟ್ಟಣದ ಮೇಲಿನ ವಯಸ್ಸು ಮಗುವಿನ ಜಾಣತನದ ಅಳತೆಯಲ್ಲ, ಸುರಕ್ಷತೆಯ ಎಚ್ಚರಿಕೆ. ಅಣ್ಣ-ಅಕ್ಕಂದಿರ ಆಟಿಕೆಗಳನ್ನು ಬೇರೆ ಡಬ್ಬಿಯಲ್ಲಿ, ಪುಟ್ಟ ಮಗುವಿನ ಕೈಗೆ ಸಿಗದಂತೆ ಎತ್ತಿಡಿ.