ನೆಟ್ ನಿಧಾನ ಇರುವ ಊರಲ್ಲಿ ಮೇಲಿಂಗ್ ಲಿಸ್ಟಿನ (ಒಬ್ಬರು ಬರೆದದ್ದು ಸದಸ್ಯರೆಲ್ಲರಿಗೂ ಹೋಗುವ ಮೇಲ್ ಗುಂಪಿನ) ಮೇಲ್ ರಾಶಿಯನ್ನು ನಿಭಾಯಿಸುವುದು ಹೇಗೆ?

ಬ್ರೌಸರ್ ಬಿಟ್ಟು ಥಂಡರ್‌ಬರ್ಡ್‌ನಂಥ ಮೇಲ್ ಪ್ರೋಗ್ರಾಂ ಹಾಕಿಕೊಳ್ಳಿ. ನೆಟ್ ಇದ್ದಾಗ ಇಳಿಸಿಟ್ಟುಕೊಂಡು ಇಲ್ಲದಾಗ ಓದಿ. ಮಳೆಗಾಲದಲ್ಲಿ ಕರೆಂಟಿನ ಬೆನ್ನಿಗೇ ಸಿಗ್ನಲ್ಲೂ ಹೋಗುವ ಕಾಸರಗೋಡಿನ ಪೆರ್ಲ, ಮುಳ್ಳೇರಿಯ ಕಡೆಯ ನಮಗೆ ಇದೇ ಸರಿ.

ಬ್ರೌಸರಿನಲ್ಲಿ ಮೇಲ್‌ಗಿಂತ ಪುಟದ ಅಲಂಕಾರವೇ ಭಾರ. ಅರ್ಧಕ್ಕೆ ನಿಂತರೆ ಮತ್ತೆ ರಿಫ್ರೆಶ್. ಮೇಲ್ ಪ್ರೋಗ್ರಾಂ ಸರ್ವರಿನೊಂದಿಗೆ ಐಮ್ಯಾಪ್ ಎಂಬ ಪದ್ಧತಿಯಲ್ಲಿ ವ್ಯವಹರಿಸುತ್ತದೆ. ಅಲ್ಲಿ ಫೋಲ್ಡರಿನ ಪ್ರತಿ ಮೇಲ್‌ಗೂ ಒಂದೊಂದು ಸಂಖ್ಯೆ ಇರುತ್ತದೆ. ನಲವತ್ತನೆಯದು ಇಳಿದ ಮೇಲೆ ಸಂಪರ್ಕ ಕಡಿದರೆ, ಮತ್ತೆ ಸಿಕ್ಕಾಗ ನಲವತ್ತೊಂದರಿಂದ ಮುಂದುವರಿದರಾಯಿತು.

ನಿಜವಾದ ಹೊರೆ ಅಟ್ಯಾಚ್‌ಮೆಂಟು. ಮೇಲ್‌ನಲ್ಲಿ ಕಡತ ಅಕ್ಷರರೂಪಕ್ಕೆ ತಿರುಗಿ ಸಾಗುತ್ತದೆ, ಪ್ರತಿ 3 ಬೈಟಿಗೆ 4 ಅಕ್ಷರ. ಹಾಗಾಗಿ ಯಾರೋ ಕಳಿಸಿದ 3 ಎಂಬಿ ಫೋಟೊ ನಿಮ್ಮಲ್ಲಿಗೆ ಬರುವಾಗ 4 ಎಂಬಿ ದಾಟಿರುತ್ತದೆ. ಅಕೌಂಟ್ ಸೆಟ್ಟಿಂಗಿನಲ್ಲಿ ಇಂತಿಷ್ಟು ಕೆಬಿಗಿಂತ ದೊಡ್ಡದನ್ನು ಇಳಿಸಬೇಡ ಎಂದು ಮಿತಿ ಹಾಕಿ.

ಫಿಲ್ಟರನ್ನು (ಮೇಲ್ ವಿಂಗಡಿಸುವ ನಿಯಮವನ್ನು) ನಿಮ್ಮ ಕಂಪ್ಯೂಟರಿನಲ್ಲಿ ಅಲ್ಲ, ಸರ್ವರಿನಲ್ಲೇ (ಜಿಮೇಲ್ ಆದರೆ ಅದರ ಸೆಟ್ಟಿಂಗಿನಲ್ಲಿ) ಹಾಕಿ, ಲಿಸ್ಟಿನ ಮೇಲ್ ಇನ್‌ಬಾಕ್ಸಿಗೆ ಬಾರದಂತೆ ಮಾಡಿ. ಆಗ ಸಿಗ್ನಲ್ ಬಂದ ಐದು ನಿಮಿಷದಲ್ಲಿ ಬ್ಯಾಂಕಿನ ಮೇಲ್ ಮೊದಲು ಸಿಗುತ್ತದೆ, ಚರ್ಚೆ ಆಮೇಲೆ. ಬರೇ ಓದುವ ಲಿಸ್ಟಾದರೆ ದಿನದ ಮೇಲ್‌ಗಳನ್ನೆಲ್ಲ ಒಂದೇ ಕಟ್ಟಾಗಿ ಕಳಿಸುವ ಡೈಜೆಸ್ಟ್ ಆರಿಸಬಹುದು. ಉತ್ತರ ಬರೆಯುವವರಿಗೆ ಅದು ಬೇಡ, ಚರ್ಚೆಯ ಎಳೆ ತಪ್ಪುತ್ತದೆ. ಥಂಡರ್‌ಬರ್ಡ್‌ನಲ್ಲಿ ಉತ್ತರ ಬರೆದು ಕಂಟ್ರೋಲ್, ಶಿಫ್ಟ್, ಎಂಟರ್ ಒಟ್ಟಿಗೆ ಒತ್ತಿದರೆ ಅದು ಔಟ್‌ಬಾಕ್ಸಿನಲ್ಲಿ ಉಳಿಯುತ್ತದೆ. ನೆಟ್ ಬಂದಾಗ ಕಳಿಸಿ.