ಮನೆಯಲ್ಲಿ ಸಾಕಿದ ಮ್ಯಾಲಾರ್ಡ್ ಬಾತುಗಳು ಚಳಿಗಾಲಕ್ಕೆ ವಲಸೆ ಹೋಗುತ್ತವಾ?

ನೀವು ಅಮೆರಿಕದ ಮಿಷಿಗನ್‌ನಲ್ಲಿದ್ದೀರಿ, ಏಪ್ರಿಲ್‌ನಲ್ಲಿ ತಂದ ಮ್ಯಾಲಾರ್ಡ್ ಮರಿಗಳು ಈಗ ದೊಡ್ಡವಾಗಿವೆ, ಕಾಳು ಹಾಕೋದು ನಿಲ್ಲಿಸಿದರೆ ಅವು ತಾವಾಗಿಯೇ ದಕ್ಷಿಣಕ್ಕೆ ಹೋಗುತ್ತವಾ ಅಂತ ಕೇಳಿದ್ದೀರಿ. ದಯವಿಟ್ಟು ಕಾಳು ನಿಲ್ಲಿಸಬೇಡಿ. ಮಿಕ್ಕಿದ್ದು ಆಮೇಲೆ.

ನಾನು ಅಮೆರಿಕದ್ದೇ ಇನ್ನೊಂದು ರಾಜ್ಯ ಮಿನೆಸೋಟದಲ್ಲಿ ಆರು ಮ್ಯಾಲಾರ್ಡ್ ಸಾಕಿದ್ದೆ. ಎರಡು ತಿಂಗಳಿಗೆ ರೆಕ್ಕೆ ಬಲಿತು, ಬೇಲಿ ದಾಟಿ ಹತ್ತಿರದ ಕೆರೆಗೆ ಹೋಗಿ ಬರುತ್ತಿದ್ದವು. ಅಕ್ಟೋಬರ್ ಬಂದಾಗ ಅವುಗಳ ರೀತಿಯೇ ಬದಲಾಯಿತು. ಎಷ್ಟು ಹಾಕಿದರೂ ಸಾಲದು. ಮುಸ್ಸಂಜೆ ಹೊತ್ತಿಗೆ ಕತ್ತು ನೆಟ್ಟಗೆ ಮಾಡಿ, ಕೊಕ್ಕು ಎತ್ತಿ ಎತ್ತಿ ತಲೆ ಕೊಡವುತ್ತಿದ್ದವು. ಒಂದು ಶುರು ಮಾಡಿದರೆ ಮಿಕ್ಕವೂ ಹಾಗೇ. ಆಮೇಲೆ ಎಲ್ಲವೂ ಒಟ್ಟಿಗೆ ಎದ್ದು, ಮನೆ ಮೇಲೆ ಎರಡು ಮೂರು ಸುತ್ತು ಹಾಕಿ ಮತ್ತೆ ಅಂಗಳಕ್ಕೇ ಇಳಿಯುತ್ತಿದ್ದವು.

ಅದನ್ನು ಯಾರೂ ಕಲಿಸಿದ್ದಲ್ಲ. ಹಗಲು ಚಿಕ್ಕದಾದ ಹಾಗೆ ಮೈಯಲ್ಲಿ ಕೊಬ್ಬು ಕೂಡುತ್ತದೆ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ ಶುರುವಾಗುತ್ತದೆ. ಆದರೆ ಚಡಪಡಿಕೆ ಬಂತು ಅಂದ ಮಾತ್ರಕ್ಕೆ ಹೊರಟೇಬಿಡುತ್ತವೆ ಅಂತಲ್ಲ. ಮ್ಯಾಲಾರ್ಡ್ ತುಂಬಾ ತಡವಾಗಿ ಹೊರಡುವ ಬಾತು. ನೀರು ಹೆಪ್ಪುಗಟ್ಟಬೇಕು, ಹೊಲದಲ್ಲಿ ಬಿದ್ದ ಮೆಕ್ಕೆಜೋಳ ಹಿಮದಡಿ ಮುಚ್ಚಿಹೋಗಬೇಕು. ಬರೀ ಚಳಿಗೆ ಅದು ಜಗ್ಗುವುದಿಲ್ಲ. ನಮ್ಮಲ್ಲಿ ಮಾಂಟಿಸೆಲ್ಲೊ ಅಂತ ಊರಿದೆ. ಅಲ್ಲಿನ ಅಣು ವಿದ್ಯುತ್ ಸ್ಥಾವರದಿಂದ ಬಿಸಿನೀರು ಬಂದು ಸೇರುವುದರಿಂದ ಮಿಸಿಸಿಪ್ಪಿ ನದಿ ಆ ಜಾಗದಲ್ಲಿ ಹೆಪ್ಪುಗಟ್ಟುವುದಿಲ್ಲ. ಜನವರಿಯಲ್ಲಿ, ಮೈನಸ್ 20 ಡಿಗ್ರಿಯಲ್ಲಿ, ನೂರಾರು ಹಂಸಗಳ ನಡುವೆ ಕಾಡು ಮ್ಯಾಲಾರ್ಡ್‌ಗಳು ಆರಾಮಾಗಿ ತೇಲುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಕಾಡಿನವೇ ಹೀಗಿದ್ದರೆ, ದಿನಾ ಕಾಳು ನೀರು ಸಿಗುವ ನಿಮ್ಮವು ಯಾಕೆ ಹೋಗಬೇಕು, ಅಲ್ವಾ?

ನನ್ನ ಆರರಲ್ಲಿ ಎರಡು ಹೋದವು. ನವೆಂಬರ್‌ನಲ್ಲಿ, ಕೆರೆಯ ನಡುವೆ ಚೂರೇ ಚೂರು ನೀರು ಉಳಿದಿದ್ದಾಗ, ಒಂದು ಕಾಡು ಹಿಂಡು ಬಂದಿಳಿದಿತ್ತು. ಅದರ ಜೊತೆ ರಾತ್ರಿಯೇ ಹೊರಟಿರಬೇಕು. ಮಿಕ್ಕ ನಾಲ್ಕು ಬೆಳಿಗ್ಗೆ ಬಕೆಟ್ ಸದ್ದಿಗೆ ಓಡಿ ಬಂದವು.

ಕಾಳು ನಿಲ್ಲಿಸಿದ್ದರೆ ಆ ನಾಲ್ಕರ ಗತಿ? ಇಲ್ಲಿ ಮಾರುವ ಮರಿಗಳು ಎಷ್ಟೋ ತಲೆಮಾರು ಫಾರ್ಮ್‌ನಲ್ಲೇ ಬೆಳೆದ ತಳಿ. ಹಸಿದರೂ ಬಾಗಿಲು ಬಿಟ್ಟು ಕದಲುವುದಿಲ್ಲ, ಕಾಯುತ್ತಲೇ ಸೊರಗುತ್ತವೆ, ಕೊನೆಗೆ ನರಿಯ ಪಾಲಾಗುತ್ತವೆ. ಹೋದವೂ ಒಳ್ಳೆಯದೇ ಮಾಡುತ್ತವೆ ಅನ್ನುವ ಹಾಗಿಲ್ಲ. ಅಮೆರಿಕದ ಪೂರ್ವ ಭಾಗದಲ್ಲಿ ಬೇಟೆಗೆಂದು ಬಿಟ್ಟ ಫಾರ್ಮ್ ಬಾತುಗಳು ಕಾಡಿನವುಗಳ ಜೊತೆ ಕೂಡಿ, ಕಾಡು ತಳಿಯೇ ಕಲಬೆರಕೆಯಾಗಿದೆ. ಆ ಎರಡು ಹೋಗಿದ್ದಕ್ಕೆ ನನಗೆ ಈಗಲೂ ಬೇಜಾರಿದೆ. ಅವು ಹಾರಿಹೋಗದ ಹಾಗೆ ಮೇಲೆ ಆಗಲೇ ಬಲೆ ಹಾಕಿ ಮುಚ್ಚಬೇಕಿತ್ತು.

ಅಂದಹಾಗೆ, ನಿಮ್ಮವು ನಿಜವಾಗಿ ಮ್ಯಾಲಾರ್ಡ್ ತಾನೇ? ರೂಆನ್ ಅನ್ನುವ ದಪ್ಪ ಸಾಕು ಬಾತಿನ ತಳಿಗೂ ಅದೇ ಬಣ್ಣ, ಅದೇ ಹಸಿರು ತಲೆ. ಎತ್ತಿ ತೂಗಿ ನೋಡಿ. ಮ್ಯಾಲಾರ್ಡ್ ಒಂದು ಕಿಲೋ ಚಿಲ್ಲರೆ ಇರುತ್ತದೆ. ಮೂರು ಕಿಲೋ ತೂಗಿದರೆ ಅದು ರೂಆನ್, ಹಾರುವ ಮಾತೇ ಇಲ್ಲ. ಮ್ಯಾಲಾರ್ಡೇ ಆಗಿದ್ದರೆ ಇನ್ನೊಂದು ವಿಷಯ: ಅಮೆರಿಕದ ಕಾನೂನಿನ ಪ್ರಕಾರ ಸಾಕಿದ ಮ್ಯಾಲಾರ್ಡ್‌ಗೆ ಆರು ವಾರ ತುಂಬುವುದರೊಳಗೆ ಗುರುತು ಮಾಡಿರಬೇಕು. ಸಾಮಾನ್ಯವಾಗಿ ಬಲಗಾಲಿನ ಹಿಂಬೆರಳು ತೆಗೆದಿರುತ್ತಾರೆ. ಇವತ್ತೇ ಕಾಲು ನೋಡಿ.

ಚಳಿಗಾಲಕ್ಕೆ ದೊಡ್ಡ ವ್ಯವಸ್ಥೆ ಏನೂ ಬೇಡ. ಗಾಳಿ ನುಗ್ಗದ, ರಾತ್ರಿ ಭದ್ರವಾಗಿ ಮುಚ್ಚುವ ಗೂಡು ಸಾಕು. ನೆಲಕ್ಕೆ ಗೋಧಿ ಹುಲ್ಲು ದಪ್ಪಗೆ ಹಾಸಿ, ಒದ್ದೆಯಾದರೆ ಬದಲಾಯಿಸಿ. ಹಕ್ಕಿ ಜ್ವರ ಇರುವುದರಿಂದ ಕಾಡು ಬಾತುಗಳ ಜೊತೆ ಬೆರೆಯಲು ಬಿಡಬೇಡಿ. ನೀರಿಗೆ ಕರೆಂಟಿನಿಂದ ಬೆಚ್ಚಗಾಗುವ ಬಕೆಟ್ ಸಿಗುತ್ತದೆ, ತಲೆ ಪೂರ್ತಿ ಮುಳುಗುವಷ್ಟು ಆಳದ್ದು ತನ್ನಿ. ಕೊಕ್ಕು, ಮೂಗು, ಕಣ್ಣು ತೊಳೆದುಕೊಳ್ಳಲು ಅವಕ್ಕೆ ಅಷ್ಟು ನೀರು ಬೇಕೇ ಬೇಕು.